ಅಪ್‌ಡೇಟ್: ಸೊಂಟದ ಕೀಲಿನ ಮರುಶಸ್ತ್ರಚಿಕಿತ್ಸೆಯಲ್ಲಿ ನರದ ಸಿಗ್ನಲ್ ಸಿಗದಿದ್ದ ಸಮಸ್ಯೆ

ಹಿಂದೆ ಹಾಕಿದ್ದ ಕೃತಕ ಸೊಂಟದ ಕೀಲನ್ನು ತೆಗೆದು ಹೊಸದನ್ನು ಕೂರಿಸುವ ಶಸ್ತ್ರಚಿಕಿತ್ಸೆಯಲ್ಲಿ, ಕಾಲಿನ ನರಕ್ಕೆ ಪೆಟ್ಟಾಗುತ್ತಿಲ್ಲವೇ ಎಂದು ನೋಡಲು ನೆತ್ತಿಯ ಮೇಲೆ ಕೊಡುವ ವಿದ್ಯುತ್ ಪ್ರಚೋದನೆಗೆ ಕಾಲಿನ ಸ್ನಾಯುಗಳಿಂದ ಸರಿಯಾದ ಪ್ರತಿಕ್ರಿಯೆ ಸಿಗುತ್ತಿಲ್ಲ, ಏನು ಮಾಡಬಹುದು ಎಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು, ಸಮಸ್ಯೆ ಬಗೆಹರಿದಿದೆ.

ಫಲ ಕೊಟ್ಟದ್ದು ಅರಿವಳಿಕೆಯ ವಿಧಾನವನ್ನು ಬದಲಿಸಿ ಎಂಬ ಸಲಹೆ. ಉಸಿರಿನ ಮೂಲಕ ಕೊಡುವ ಅನಿಲವನ್ನು ಕೈಬಿಟ್ಟು ನಿದ್ದೆ ಬರಿಸುವ ಪ್ರೊಪೊಫಾಲ್ ಮತ್ತು ನೋವು ತಡೆಯುವ ರೆಮಿಫೆಂಟನಿಲ್‌ಗಳನ್ನು ರಕ್ತನಾಳದ ಮೂಲಕ ಹರಿಸಿದೆವು. ಸ್ನಾಯು ಸಡಿಲಿಸುವ ಔಷಧವನ್ನು ಉಸಿರಾಟದ ಕೊಳವೆ ಹಾಕುವಾಗ ಮಾತ್ರ ಕೊಟ್ಟು, ಅದರ ಪ್ರಭಾವ ಪೂರ್ತಿ ಇಳಿದ ಬಳಿಕವೇ ಹೋಲಿಕೆಗೆ ಬೇಕಾದ ಮೂಲ ಅಲೆಯನ್ನು (ಪರದೆಯ ಮೇಲೆ ಮೂಡುವ ಸ್ನಾಯುವಿನ ಪ್ರತಿಕ್ರಿಯೆ) ದಾಖಲಿಸಿದಾಗ ಎರಡೂ ಕಾಲುಗಳಲ್ಲಿ ಸ್ಪಷ್ಟ ಅಲೆ ಬಂತು. ಸೂಜಿ ಎಲೆಕ್ಟ್ರೋಡ್‌ಗಳ ಜಾಗ ಬದಲಿಸಿದ್ದರಿಂದಾಗಲಿ, ವೋಲ್ಟೇಜ್ ಏರಿಸಿದ್ದರಿಂದಾಗಲಿ ಹೇಳಿಕೊಳ್ಳುವಂಥ ಲಾಭವಾಗಿರಲಿಲ್ಲ.

ನಿರೀಕ್ಷಿಸದ ಸಂಗತಿಯೊಂದಿದೆ. ಗಿಡ್ಡವಾಗಿದ್ದ ಕಾಲನ್ನು ಉದ್ದಕ್ಕೆ ತಂದು ಕೀಲನ್ನು ಕೂರಿಸಿ ನೋಡುತ್ತಿದ್ದಾಗ ಮೊಣಕಾಲಿನ ಕೆಳಗೆ, ಮುಂಭಾಗದ ಸ್ನಾಯುವಿನ ಅಲೆ ಬಹುಪಾಲು ಅಡಗಿತು; ಮೀನಖಂಡದ್ದು ಹಾಗೆಯೇ ಇತ್ತು. ಸೊಂಟದ ಹಿಂದಿನಿಂದ ಕಾಲಿಗಿಳಿಯುವ ಸಯಾಟಿಕ್ ನರದಲ್ಲಿ, ಪಾದವನ್ನು ಮೇಲಕ್ಕೆತ್ತುವ ಈ ಮುಂಭಾಗದ ಸ್ನಾಯುವಿಗೆ ಹೋಗುವ ಪೆರೋನಿಯಲ್ ಕವಲೇ ಎಳೆತಕ್ಕೆ ಬೇಗ ಸೋಲುತ್ತದೆ ಎಂದು ಓದಿದ್ದನ್ನು ಪರದೆಯ ಮೇಲೆ ಕಂಡಂತಾಯಿತು. ಇನ್ನೊಂದು ಕಾಲಿನ ಅಲೆ ಕದಲದಿದ್ದುದರಿಂದ ಇದು ರಕ್ತದೊತ್ತಡದ ಅಥವಾ ಅರಿವಳಿಕೆಯ ಪರಿಣಾಮವಲ್ಲ ಎಂದು ಕೂಡಲೇ ಹೇಳಲು ಸಾಧ್ಯವಾಯಿತು (ಆ ಕಾಲಿಗೂ ಸೂಜಿ ಚುಚ್ಚುವುದು ವ್ಯರ್ಥ ಎನ್ನುವವರ ಮಾತನ್ನು ಹಾಗಾಗಿ ನಾನು ಒಪ್ಪುವುದಿಲ್ಲ). ಶಸ್ತ್ರಚಿಕಿತ್ಸಕರು ಹಿಂಬದಿಯ ರಿಟ್ರಾಕ್ಟರ್ (ಗಾಯವನ್ನು ಅಗಲಿಸಿ ಹಿಡಿಯುವ ಸಾಧನ) ತೆಗೆದು, ಮೊಣಕಾಲನ್ನು ಮಡಿಸಿ, ಉದ್ದ ಕಡಿಮೆಯಿರುವ ಹೆಡ್ (ಕೃತಕ ಕೀಲಿನ ಗುಂಡು) ಹಾಕಿದ ಮೇಲೆ ಅಲೆ ಮರಳಿತು. ಎಚ್ಚರಗೊಂಡ ರೋಗಿಗೆ ಪಾದವನ್ನು ಮೇಲಕ್ಕೆತ್ತುವುದರಲ್ಲಿ ಯಾವ ತೊಂದರೆಯೂ ಕಾಣಲಿಲ್ಲ.