ಸಹಾಯ ಬೇಕು: ಶುಗರ್ ಮಾತ್ರೆ ಜೊತೆ ಅಣಬೆ ಕ್ಯಾಪ್ಸೂಲ್ ಕೊಡಬಹುದಾ?

ಎಲ್ಲರಿಗೂ ನಮಸ್ಕಾರ, ನಾವು ಮಂಡ್ಯದವರು. ಅಪ್ಪನಿಗೆ ಶುಗರ್ ಇದೆ, ಗ್ಲಿಮಿಪಿರೈಡ್ ತೆಗೆದುಕೊಳ್ಳುತ್ತಾರೆ. ಸ್ಟೆಂಟ್ ಹಾಕಿರುವುದರಿಂದ ರಕ್ತ ತೆಳುವಾಗುವ ಮಾತ್ರೆಯೂ ಇದೆ. ಈಗ ಚಿಕ್ಕಪ್ಪ ಗ್ಯಾನೋಡರ್ಮಾ ಅಣಬೆಯ ಕ್ಯಾಪ್ಸೂಲ್, ಮಧುನಾಶಿನಿ ಸಾರದ ಪುಡಿ ಎರಡನ್ನೂ ತಂದುಕೊಟ್ಟಿದ್ದಾರೆ. "ಗಿಡಮೂಲಿಕೆ ತಾನೇ, ಏನಾಗುತ್ತೆ?" ಅನ್ನೋದು ಅವರ ವಾದ.

ಮಧುನಾಶಿನಿಯಲ್ಲಿ ಗುಣ ಇಲ್ಲ ಅಂತ ನಾನು ಹೇಳುವುದಿಲ್ಲ. ಹಸಿ ಎಲೆ ಅಗಿದು ಬೆಲ್ಲ ಬಾಯಿಗೆ ಹಾಕಿಕೊಳ್ಳಿ, ಮರಳು ಅಗಿದ ಹಾಗಿರುತ್ತದೆ! ಅದು ಎಲೆಯಲ್ಲಿರುವ, ಸಿಹಿ ರುಚಿ ತಿಳಿಯದಂತೆ ಮಾಡುವ ಜಿಮ್ನೆಮಿಕ್ ಆಮ್ಲದ ಕೆಲಸ. ಆದರೆ ಮಾತ್ರೆ ಜೊತೆ ಸೇರಿ ಶುಗರ್ ತೀರಾ ಇಳಿದುಬಿಟ್ಟರೆ? ಗ್ಯಾನೋಡರ್ಮಾದಿಂದ ರಕ್ತಸ್ರಾವದ ಅಪಾಯ ಜಾಸ್ತಿಯಾಗಬಹುದು ಅಂತಲೂ ಓದಿದೆ. ಜಪಾನಿನಲ್ಲಿ ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ಅಂಶವನ್ನು ಹೊಟ್ಟೆಯ ಕ್ಯಾನ್ಸರ್‌ಗೆ ಕೀಮೋ ಜೊತೆ ಬಳಸಿದ್ದು ನಿಜ. ಅದು ಇಂಜೆಕ್ಷನ್, ಡಬ್ಬಿ ಪುಡಿ ಅಲ್ವಲ್ಲ.

ನಮ್ಮ ಅಣಬೆ ಕ್ಯಾಪ್ಸೂಲ್ ಡಬ್ಬಿಯ ಮೇಲೆ ಬರೀ "ಶುದ್ಧ ಸಾರ" ಅಂತಿದೆ. ಬಿಸಿನೀರಿನಲ್ಲಿ ತೆಗೆದದ್ದೋ ಆಲ್ಕೋಹಾಲ್‌ನಲ್ಲೋ, ಅಣಬೆಯಲ್ಲಿರುವ ಬೀಟಾ ಗ್ಲೂಕಾನ್ ಎಂಬ ನಾರಿನಂಥ ಅಂಶ ಎಷ್ಟಿದೆ, ಏನೂ ಬರೆದಿಲ್ಲ.

ಅಲೋಪತಿ ಚೀಟಿಯನ್ನೂ ನೋಡಿ ಸಲಹೆ ಕೊಡುವ ಆಯುರ್ವೇದ ವೈದ್ಯರು ಮೈಸೂರಿನಲ್ಲಿ ಯಾರಾದರೂ ಗೊತ್ತಾ? ಸೀಸ, ಪಾದರಸ ಪರೀಕ್ಷೆಗೆ ನಮ್ಮಂಥವರಿಂದ ಸ್ಯಾಂಪಲ್ ತೆಗೆದುಕೊಳ್ಳುವ ಲ್ಯಾಬ್ ಇದ್ದರೂ ತಿಳಿಸಿ. ಡಬ್ಬಿ ಮಾರುವವರು ದಯವಿಟ್ಟು ಸುಮ್ನೆ ಮೆಸೇಜ್ ಮಾಡಬೇಡಿ. ಅಲ್ಲಿವರೆಗೆ ಎರಡೂ ಬೀರುವಿನಲ್ಲೇ ಇರುತ್ತವೆ, ಚಿಕ್ಕಪ್ಪ ಮುನಿಸಿಕೊಂಡರೂ ಸರಿ.