ಮೆಂಥೈಲ್ ಕ್ಲೋರೈಡ್‌ಗೆ ಸೇಟ್ಜೆಫ್ ನಿಯಮ ಯಾಕೆ ಒಗ್ಗುತ್ತಿಲ್ಲ?

ಪುದೀನ_ಸೊಪ್ಪು:
ಎಸ್ಎನ್1, ಎಸ್ಎನ್2 (ಒಂದು ಗುಂಪಿನ ಜಾಗಕ್ಕೆ ಇನ್ನೊಂದು ಬರುವ ಕ್ರಿಯೆಗಳು), ಇ1, ಇ2 (ಗುಂಪೂ ಹೈಡ್ರೋಜನ್ನೂ ಹೋಗಿ ಡಬಲ್ ಬಾಂಡ್ ಬರುವ ಕ್ರಿಯೆಗಳು) ಯಾವಾಗ ಯಾವುದು ಅಂತ ಒಂದು ಪಟ್ಟಿ ಮಾಡಿಟ್ಟುಕೊಂಡಿದ್ದೇನೆ. ಜಾಸ್ತಿ ಲೆಕ್ಕಗಳು ಅದರಲ್ಲೇ ಸರಿಯಾಗುತ್ತವೆ. ಆದರೆ ಮೆಂಥೈಲ್ ಕ್ಲೋರೈಡ್ ಜೊತೆ ಸೋಡಿಯಂ ಎಥಾಕ್ಸೈಡ್ ಕೊಟ್ಟರೆ ಸಿಕ್ಕಿಹಾಕಿಕೊಳ್ಳುತ್ತೇನೆ. ಸೆಕೆಂಡರಿ ಕಾರ್ಬನ್, ಬಲವಾದ ಬೇಸ್, ಬಿಸಿ. ಹಾಗಾಗಿ ಇ2. ಸೇಟ್ಜೆಫ್ ನಿಯಮದ ಪ್ರಕಾರ ಹೆಚ್ಚು ಸ್ಥಿರವಾದ ಆಲ್ಕೀನೇ (ಡಬಲ್ ಬಾಂಡ್ ಇರುವ ಅಣು) ಮುಖ್ಯವಾಗಿ ಬರಬೇಕು. ಐಸೊಪ್ರೊಪೈಲ್ ಇರುವ ಕಡೆಗೆ ಡಬಲ್ ಬಾಂಡ್ ಬಂದರೆ ಹೆಚ್ಚು ಸ್ಥಿರ, ಅಂದರೆ 3-ಮೆಂಥೀನ್ ಬರಬೇಕು ಅಲ್ವಾ? ಉತ್ತರದಲ್ಲಿ ಬರೀ 2-ಮೆಂಥೀನ್ ಇದೆ. ಅಚ್ಚಿನ ತಪ್ಪಾ?

ಕುರ್ಚಿ_ರೂಪ:
ತಪ್ಪಲ್ಲ, ಉತ್ತರ ಸರಿಯಾಗಿಯೇ ಇದೆ. ಇ2 ಅನ್ನುವ ತನಕ ನಿಮ್ಮ ಯೋಚನೆಯೂ ಸರಿ. ಆಮೇಲೆ ನೇರ ಸೇಟ್ಜೆಫ್‌ಗೆ ಹಾರಿದ್ದೀರಿ. ನಡುವೆ ಒಂದು ಪ್ರಶ್ನೆ ಬಿಟ್ಟುಹೋಗಿದೆ: ಕ್ಲೋರಿನ್‌ಗೆ ಸರಿಯಾಗಿ ಎದುರು ದಿಕ್ಕಿನಲ್ಲಿ, ಪಕ್ಕದ ಕಾರ್ಬನ್ ಮೇಲೆ, ಹೈಡ್ರೋಜನ್ ಇದೆಯಾ? ಇ2 ನಡೆಯಲು ಅದು ಬೇಕು.

ಉಂಗುರದ ಕುರ್ಚಿ ಆಕಾರ ಬರೆಯಿರಿ. ಮೆಂಥೈಲ್ ಕ್ಲೋರೈಡ್ ನೆಮ್ಮದಿಯಾಗಿ ಇರುವಾಗ ಕ್ಲೋರಿನ್, ಮೀಥೈಲ್, ಐಸೊಪ್ರೊಪೈಲ್ ಮೂರೂ ಈಕ್ವಟೋರಿಯಲ್ (ಉಂಗುರದ ಬದಿಗೆ ಚಾಚಿರುತ್ತವೆ). ಈ ಸ್ಥಿತಿಯಲ್ಲಿ ಇ2 ನಡೆಯುವುದೇ ಇಲ್ಲ, ಕ್ಲೋರಿನ್ ಆಕ್ಸಿಯಲ್ (ಉಂಗುರದಿಂದ ನೇರ ಮೇಲಕ್ಕೆ ಅಥವಾ ಕೆಳಕ್ಕೆ) ಆಗಲೇಬೇಕು. ಉಂಗುರ ಮಗುಚಿದರೆ ಮೂರೂ ಆಕ್ಸಿಯಲ್ ಆಗುತ್ತವೆ. ಈಗ ಐಸೊಪ್ರೊಪೈಲ್ ಇರುವ ಕಾರ್ಬನ್ ನೋಡಿ. ಕ್ಲೋರಿನ್‌ಗೆ ಎದುರಿನ ಜಾಗದಲ್ಲಿ ಐಸೊಪ್ರೊಪೈಲೇ ಕೂತಿದೆ, ಅದರ ಹೈಡ್ರೋಜನ್ ಪಕ್ಕಕ್ಕೆ ಸರಿದಿದೆ. ಬೇಸ್‌ಗೆ ಅದು ದಕ್ಕುವುದಿಲ್ಲ. ಇನ್ನೊಂದು ಬದಿಯ ಸಿಎಚ್2ನಲ್ಲಿ ಮಾತ್ರ ಆಕ್ಸಿಯಲ್ ಹೈಡ್ರೋಜನ್ ಇದೆ. ಅದಕ್ಕೇ 2-ಮೆಂಥೀನ್ ಒಂದೇ ಬರುತ್ತದೆ.

ನಿಯೋಮೆಂಥೈಲ್ ಕ್ಲೋರೈಡ್ ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ಚೆನ್ನಾಗಿ ಮನಸ್ಸಿಗೆ ಹಿಡಿಯುತ್ತದೆ. ಅದರಲ್ಲಿ ಕ್ಲೋರಿನ್ ಮೊದಲೇ ಆಕ್ಸಿಯಲ್, ಉಳಿದೆರಡು ಈಕ್ವಟೋರಿಯಲ್. ಎರಡೂ ಬದಿಯಲ್ಲಿ ಹೈಡ್ರೋಜನ್ ಸಿದ್ಧವಾಗಿದೆ. ಅಲ್ಲಿ ಸುಮಾರು 78% 3-ಮೆಂಥೀನ್, 22% 2-ಮೆಂಥೀನ್. ವೇಗವೂ ಸುಮಾರು 200 ಪಟ್ಟು ಜಾಸ್ತಿ. ನನಗೆ ಈ ಅಧ್ಯಾಯದಲ್ಲಿ ತುಂಬಾ ಇಷ್ಟವಾದ ಜೋಡಿ ಇದು.

ಪುದೀನ_ಸೊಪ್ಪು:
ಈಗ ಕಾಣಿಸಿತು! ಹಾಗಾದರೆ ಇನ್ನು ಮುಂದೆ ಸೇಟ್ಜೆಫ್ ನಂಬುವ ಹಾಗೇ ಇಲ್ವಾ? 2-ಬ್ರೋಮೋಬ್ಯೂಟೇನ್‌ಗೂ ಹೀಗೆಲ್ಲಾ ನೋಡಬೇಕಾ?

ಕುರ್ಚಿ_ರೂಪ:
ತೆರೆದ ಸರಪಳಿಯಲ್ಲಿ ಈ ತೊಂದರೆ ಇಲ್ಲ. ಬಾಂಡ್ ತಿರುಗಿ ಬೇಕಾದ ಹೈಡ್ರೋಜನ್ ಎದುರಿಗೆ ಬರುತ್ತದೆ, 2-ಬ್ಯೂಟೀನೇ ಮುಖ್ಯ. ಉಂಗುರ ಕಂಡಾಗ ಮಾತ್ರ ಕುರ್ಚಿ ಬರೆಯಿರಿ.

ಬೀಟಾ_ಹೈಡ್ರೋಜನ್:
ಒಂದು ಮಾತು ಸೇರಿಸುತ್ತೇನೆ. ಅದೇ ಮೆಂಥೈಲ್ ಕ್ಲೋರೈಡನ್ನು ಬಲವಾದ ಬೇಸ್ ಇಲ್ಲದೆ ನೀರು ಬೆರೆತ ಎಥನಾಲ್‌ನಲ್ಲಿ ಕಾಯಿಸಿದರೆ ಇ1 ನಡೆಯುತ್ತದೆ. ಕ್ಲೋರಿನ್ ಮೊದಲೇ ಬಿಟ್ಟುಹೋಗುವುದರಿಂದ ಎದುರುಬದುರಿನ ಷರತ್ತೇ ಇಲ್ಲ. ಆಗ ಆಲ್ಕೀನ್‌ಗಳಲ್ಲಿ ಸುಮಾರು ಮೂರನೇ ಎರಡು ಭಾಗ 3-ಮೆಂಥೀನ್.

ಪಟ್ಟಿಯಲ್ಲಿ ‘ಸೆಕೆಂಡರಿ’ ಸಾಲನ್ನೂ ದಯವಿಟ್ಟು ಒಮ್ಮೆ ನೋಡಿ. ಅದು ಒಂದೇ ಸಾಲಿನಲ್ಲಿ ಮುಗಿಯುವುದಿಲ್ಲ. 2-ಬ್ರೋಮೋಪ್ರೊಪೇನ್‌ಗೆ ಎಥಾಕ್ಸೈಡ್ ಹಾಕಿದರೆ ಸುಮಾರು 80% ಪ್ರೊಪೀನ್. ಅಸಿಟೇಟ್ ಹಾಕಿದರೆ ಹೆಚ್ಚುಕಡಿಮೆ ಎಲ್ಲಾ ಎಸ್ಟರ್, ಅಂದರೆ ಎಸ್ಎನ್2. ಅಸಿಟೇಟ್ ದುರ್ಬಲ ಬೇಸ್ ಅಲ್ವಾ.

ಪುದೀನ_ಸೊಪ್ಪು:
ಇಬ್ಬರಿಗೂ ಥ್ಯಾಂಕ್ಸ್. ಸುಮ್ನೆ ಪರೀಕ್ಷಿಸಲು ಟ್ರಾನ್ಸ್-1-ಬ್ರೋಮೋ-2-ಮೀಥೈಲ್‌ಸೈಕ್ಲೋಹೆಕ್ಸೇನ್ ತೆಗೆದುಕೊಂಡೆ. ಬ್ರೋಮಿನ್ ಆಕ್ಸಿಯಲ್ ಆದಾಗ ಮೀಥೈಲೂ ಆಕ್ಸಿಯಲ್. ಆ ಬದಿ ಮುಚ್ಚಿತು. ಹಾಗಾಗಿ 3-ಮೀಥೈಲ್‌ಸೈಕ್ಲೋಹೆಕ್ಸೀನ್. ಸರಿ ತಾನೇ?

ಕುರ್ಚಿ_ರೂಪ:
ಸರಿ. ಈಗ ಸಿಸ್ ಬರೆದು ನೋಡಿ, ಅಲ್ಲಿ ನಿಮ್ಮ ಸೇಟ್ಜೆಫ್ ವಾಪಸ್ ಬರುತ್ತದೆ.