ರಷ್ಯನ್ ಮೂಲಕ ಮಂಗೋಲಿಯನ್ ಕಲಿಯಬಹುದೇ?

ಪ್ರಶ್ನೆ (ಬೇಡ್ತಿ):
ಮಂಗೋಲಿಯದ ಖಾಲ್ಖಾ ನುಡಿಯನ್ನು ಕಲಿಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಪ್ರವಾಸಿಗರ ಮಾತುಕತೆಯ ಮಟ್ಟವನ್ನು ದಾಟಿದೊಡನೆ ಪುಸ್ತಕಗಳು ವಿರಳವಾಗುತ್ತವೆ. ವೈದ್ಯಕೀಯ ವ್ಯಾಸಂಗಕ್ಕೆಂದು ರಷ್ಯಾದಲ್ಲಿದ್ದ ಕಾರಣ ರಷ್ಯನ್ ಓದಲು ಬರುತ್ತದೆ. ಅದನ್ನೇ ಆಧರಿಸುವುದು ಸರಿಯೇ, ಅಥವಾ ಬೇರೆ ಭಾಷೆಗಳಲ್ಲಿ ಹೆಚ್ಚಿನ ಸಾಮಗ್ರಿ ಇದೆಯೇ?

ಉತ್ತರ (ಅಘನಾಶಿನಿ):
ರಷ್ಯನ್ ಬಲ್ಲವರು ಬೇರೆಡೆ ಅಲೆಯಬೇಕಾಗಿಲ್ಲ. 1940ರ ದಶಕದಲ್ಲಿ ಸಿರಿಲಿಕ್ ಲಿಪಿಗೆ ಬದಲಾದ ಮಂಗೋಲಿಯ, ರಷ್ಯನ್ನಿನ 33 ಅಕ್ಷರಗಳಿಗೆ ಎರಡು ಸ್ವರಗಳನ್ನಷ್ಟೇ ಸೇರಿಸಿಕೊಂಡಿತು. 2001–02ರಲ್ಲಿ ಮಾಸ್ಕೋದಲ್ಲಿ ನಾಲ್ಕು ಸಂಪುಟಗಳಲ್ಲಿ ಪ್ರಕಟವಾದ ಮಂಗೋಲಿಯನ್–ರಷ್ಯನ್ ಅಕಾಡೆಮಿಕ್ ನಿಘಂಟು ನಿಮ್ಮ ಮೊದಲ ಆಯ್ಕೆಯಾಗಲಿ. ಆದರೆ ವ್ಯಾಕರಣವನ್ನು ಮಾತ್ರ ರಷ್ಯನ್ನರ ಕಣ್ಣಿನಿಂದ ನೋಡಬೇಡಿ. 'ಹೋಲ್ ಇದೇದ್ ಯವ್ಸನ್' ಎಂಬ ವಾಕ್ಯದ ಕೆಳಗೆ 'ಊಟ ಮಾಡಿ ಹೋದರು' ಎಂದು ಬರೆದು ನೋಡಿ: ನಡುವಿನ 'ಇದೇದ್' ನಮ್ಮ ವ್ಯಾಕರಣ ಭೂತನ್ಯೂನವೆಂದು ಕರೆಯುವ ರೂಪದಂತೆಯೇ ಕೆಲಸ ಮಾಡುತ್ತದೆ, ಕ್ರಿಯಾಪದವೂ ಕೊನೆಯಲ್ಲೇ ಬರುತ್ತದೆ. ವಿಭಕ್ತಿ ಪ್ರತ್ಯಯಗಳು ನಾಮಪದದ ಹಿಂದೆ ಅಂಟಿಕೊಳ್ಳುವ ಕ್ರಮವೂ ಕನ್ನಡಿಗರಿಗೆ ಹೊಸದಲ್ಲ. ಹೊಸದೆಂದರೆ, ಪದದಲ್ಲಿರುವ ಸ್ವರಕ್ಕೆ ಹೊಂದುವಂತೆ ಪ್ರತ್ಯಯದ ಸ್ವರವೂ ಬದಲಾಗುವುದು.

ಉತ್ತರ (ತುಂಗಾತೀರ):
ಓದುವುದಕ್ಕೆ ಇದು ಸರಿ; ಉಚ್ಚಾರಣೆಗೆ ರಷ್ಯನ್ ಅಭ್ಯಾಸವೇ ಅಡ್ಡಿಯಾದೀತು. ಮಂಗೋಲಿಯನ್ನಿನ 'ಲ'ಕಾರದಲ್ಲಿ ನಾಲಗೆಯ ಪಕ್ಕದಿಂದ ಉಸಿರು ಸುಯ್ಯೆಂದು ಹೊರಡುತ್ತದೆ, ಅಕ್ಷರ ಮಾತ್ರ ರಷ್ಯನ್ನಿನದೇ. ಆದ್ದರಿಂದ ಟೋಕಿಯೋದ ವಿದೇಶೀ ಭಾಷಾ ವಿಶ್ವವಿದ್ಯಾಲಯವು ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿರುವ ಮಂಗೋಲಿಯನ್ ಸಂಭಾಷಣೆಗಳನ್ನು, ಜಪಾನಿ ಬಾರದಿದ್ದರೂ, ಕೇಳಿಸಿಕೊಳ್ಳಿ. ಜರ್ಮನ್ನಿನಲ್ಲಿ ಲೈಪ್ಸಿಗ್‌ನ ಹಳೆಯ ಪಠ್ಯಪುಸ್ತಕವಿದೆ, ಆದರೆ ನಿಮಗೆ ಅದರಿಂದ ಹೆಚ್ಚೇನೂ ಸಿಗದು. ಚೀನೀ ಪುಸ್ತಕಗಳ ವಿಷಯ ಬೇರೆ: ಅವು ಒಳ ಮಂಗೋಲಿಯದ ಚಾಹರ್ ಉಚ್ಚಾರಣೆಯನ್ನು ಆಧರಿಸಿ, ಮೇಲಿನಿಂದ ಕೆಳಗೆ ಬರೆಯುವ ಸಾಂಪ್ರದಾಯಿಕ ಲಿಪಿಯಲ್ಲೇ ಪಾಠ ಹೇಳುತ್ತವೆ. 2025ರಿಂದ ಮಂಗೋಲಿಯದ ಸರ್ಕಾರಿ ದಾಖಲೆಗಳು ಎರಡೂ ಲಿಪಿಗಳಲ್ಲಿರಬೇಕೆಂಬ ಕಾನೂನು ಜಾರಿಯಾಗಿರುವುದರಿಂದ ಆ ಲಿಪಿಯನ್ನು ಮುಂದೆ ನೀವೂ ಕಲಿಯಬೇಕಾಗಬಹುದು, ಆದರೆ ಈಗಲೇ ಬೇಡ.

ಉತ್ತರ (ಬನವಾಸಿಗ):
ಪುಸ್ತಕದ ಜೊತೆಗೆ ಮಾತನಾಡುವವರೂ ಬೇಕಲ್ಲವೇ? ನೀವು ಉತ್ತರ ಕನ್ನಡದವರಾಗಿದ್ದರೆ ಮುಂಡಗೋಡಿನ ಡ್ರೆಪುಂಗ್ ಗೋಮಾಂಗ್ ವಿಹಾರ ದೂರವಲ್ಲ. ಅಲ್ಲಿ ಮಂಗೋಲಿಯದಿಂದ ಬಂದ ಭಿಕ್ಷುಗಳು ಓದುತ್ತಾರೆ. ಅವರ ವ್ಯಾಸಂಗ ಟಿಬೆಟನ್ನಿನಲ್ಲಿ ನಡೆಯುವುದರಿಂದ ಪಾಠದ ಹೊತ್ತಿನಲ್ಲಿ ತೊಂದರೆ ಕೊಡದೆ, ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳಿತು.